ರಣಹದ್ದಿನ ಉಳಿವು ರೈತನ ಕೊಟ್ಟಿಗೆಯಲ್ಲಿದೆ



ಹಿಂದೆ ಊರಾಚೆಯ ಬಯಲಿನಲ್ಲಿ ದನವೊಂದು ಸತ್ತು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ರಣಹದ್ದುಗಳು ಬಂದಿಳಿಯುತ್ತಿದ್ದವು. ಹಿಂಡು ದೊಡ್ಡದಾಗಿದ್ದರೆ ಒಂದೆರಡು ತಾಸಿನಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು. ನಿಮ್ಮ ಮನೆಯ ಹಿರಿಯರು ಇದನ್ನು ಕಂಡಿರಬಹುದು, ಮಕ್ಕಳು ಕಂಡಿರಲಾರರು. ರಣಹದ್ದನ್ನು ಅಪಶಕುನದ ಹಕ್ಕಿಯೆನ್ನುವವರುಂಟು. ಆದರೆ ಅದು ಕೂಲಿ ಕೇಳದೆ ಊರನ್ನು ಶುಚಿಮಾಡುವ ಆಳು. ಹದ್ದು ಬಾರದಿದ್ದರೆ ಹೆಣ ಕೊಳೆತು ನಾರುತ್ತದೆ. ಅದನ್ನು ತಿಂದು ಬೀದಿನಾಯಿಗಳು ಹೆಚ್ಚುತ್ತವೆ. ನಾಯಿ ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚುತ್ತದೆ.

ಹದ್ದುಗಳು ಎಲ್ಲಿ ಹೋದವು?

ನಮ್ಮ ದೇಶದಲ್ಲಿ 1992ರಲ್ಲಿ ಸಾವಿರ ಬಿಳಿಬೆನ್ನಿನ ರಣಹದ್ದುಗಳಿದ್ದ ಕಡೆ 2007ರ ಹೊತ್ತಿಗೆ ಉಳಿದದ್ದು ಒಂದು. ಉದ್ದಕೊಕ್ಕಿನ ರಣಹದ್ದುಗಳು ನೂರಕ್ಕೆ ಮೂರರಂತೆ ಉಳಿದವು. ಇದರ ಮುಖ್ಯ ಕಾರಣವು 2004ರಲ್ಲಿ ಬೆಳಕಿಗೆ ಬಂತು. ದನಗಳ ನೋವು, ಬಾವು, ಜ್ವರಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಆ ಕಾರಣ. ಈ ಸೂಜಿ ಹಾಕಿಸಿದ ಒಂದೆರಡು ದಿನಗಳಲ್ಲಿ ದನ ಸತ್ತರೆ ಔಷಧವು ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಎರಗುವುದರಿಂದ, ನೂರು ಹೆಣಗಳ ಪೈಕಿ ಒಂದರಲ್ಲಿ ಈ ಔಷಧವಿದ್ದರೂ ಸಂತತಿ ಕುಸಿಯಲು ಸಾಕು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆದುದರಿಂದ ಆದ ನಷ್ಟ ಬೇಗ ತುಂಬುವುದಿಲ್ಲ.

ಸರಕಾರ ಕೈಗೊಂಡ ಕ್ರಮ

ಡೈಕ್ಲೋಫೆನಾಕನ್ನು ದನಗಳಿಗೆ ಬಳಸದಂತೆ ಸರಕಾರವು 2006ರಲ್ಲಿ ನಿಷೇಧಿಸಿತು. ಆದರೂ ಮನುಷ್ಯರ ಔಷಧದ ದೊಡ್ಡ ಶೀಶೆಗಳನ್ನು ತಂದು ದನಗಳಿಗೆ ಹಾಕುವುದು ನಿಲ್ಲಲಿಲ್ಲ. ಅದಕ್ಕಾಗಿ 2015ರಲ್ಲಿ ಆ ಸೂಜಿಮದ್ದನ್ನು ಒಂದೇ ಸಲಕ್ಕಾಗುವ 3 ಮಿ.ಲೀ. ಶೀಶೆಯಲ್ಲಿ ಮಾತ್ರ ಮಾರಬೇಕೆಂದು ಕಟ್ಟುಮಾಡಲಾಯಿತು. ಹದ್ದಿಗೆ ಮಾರಕವಾದ ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಔಷಧಗಳನ್ನೂ 2023ರಲ್ಲಿ ದನಗಳಿಗೆ ನಿಷೇಧಿಸಲಾಯಿತು. ನಮ್ಮ ರಾಜ್ಯ ಸರಕಾರವು 2012ರಲ್ಲಿ ರಾಮನಗರದ ಬಳಿಯ ರಾಮದೇವರಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿತು. ಅಲ್ಲಿನ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ.

ಆದರೆ ಹದ್ದು ಧಾಮದ ಗಡಿಯನ್ನು ಅರಿಯದು. ಆಹಾರ ಹುಡುಕುತ್ತ ಅದು ಹತ್ತಾರು ಮೈಲಿ ಹಾರುತ್ತದೆ. ಬೆಟ್ಟದಲ್ಲಿ ಕಾಪಾಡಿದ ಹಕ್ಕಿ ಯಾವುದೋ ಊರಿನ ಬಯಲಿನಲ್ಲಿ ವಿಷದ ಮಾಂಸ ತಿಂದರೆ ಧಾಮದಿಂದ ಬಂದ ಫಲವೇನು? ಕಾಯಿದೆಯು ಅಂಗಡಿಯವರೆಗೆ ಬರಬಲ್ಲದು. ಕೊಟ್ಟಿಗೆಯೊಳಗಿನ ಎಚ್ಚರಿಕೆ ನಿಮ್ಮದೇ.

ನೀವು ಮಾಡಬೇಕಾದದ್ದು

1. ದನಕ್ಕೆ ನೋವು, ಕೆಚ್ಚಲು ಬಾವು ಬಂದರೆ ಪಶು ವೈದ್ಯರಿಗೇ ತೋರಿಸಿರಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಔಷಧ ದೊರೆಯುತ್ತದೆ. ದನದ ನೋವಿಗೂ ಬಾವಿಗೂ ಅದು ಒಳ್ಳೆಯ ಮದ್ದು. ಅದನ್ನೇ ಕೇಳಿರಿ.

2. ಮನುಷ್ಯರಿಗೆಂದು ತಂದ ನೋವಿನ ಔಷಧವನ್ನು ದನಕ್ಕೆ ಹಾಕಬೇಡಿರಿ, ಹಾಕಿಸಬೇಡಿರಿ.

3. ಯಾವ ಸೂಜಿ ಎಂದು ಹಾಕಿತೆಂಬುದನ್ನು ಬರೆದಿಡಿರಿ. ನೋವಿನ ಔಷಧ ಪಡೆದ ದನ ಕೆಲವೇ ದಿನಗಳಲ್ಲಿ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿರಿ.

4. ದನ ಥಟ್ಟನೆ ಸತ್ತು ಮೂಗು, ಬಾಯಿಗಳಿಂದ ರಕ್ತ ಬಂದಿದ್ದರೆ ನೆರಡಿ ರೋಗವಿರಬಹುದು. ಹೆಣವನ್ನು ಕೊಯ್ಯದೆ, ಚರ್ಮ ಸುಲಿಯದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ.

5. ಚಿರತೆ, ನಾಯಿಗಳನ್ನು ಕೊಲ್ಲಲು ಹೆಣಕ್ಕೆ ವಿಷ ಹಾಕಬೇಡಿರಿ. ಅದರಿಂದ ಹದ್ದೂ ಸಾಯುತ್ತದೆ. 1972ರ ವನ್ಯಜೀವಿ ಕಾಯಿದೆಯಂತೆ ಕಾಡುಪ್ರಾಣಿಗೆ ವಿಷವಿಡುವುದು ಅಪರಾಧ.

ಸೀತಾಮಾತೆಗಾಗಿ ಪ್ರಾಣಕೊಟ್ಟ ಜಟಾಯುವಿನ ಕಥೆಯನ್ನು ನಾವೆಲ್ಲರೂ ಭಕ್ತಿಯಿಂದ ಕೇಳುತ್ತೇವೆ. ಅವನ ಕುಲವನ್ನು ಉಳಿಸಲು ನಾವು ಪ್ರಾಣ ಕೊಡಬೇಕಾಗಿಲ್ಲ. ದನಕ್ಕೆ ಹಾಕುವ ಔಷಧದ ಹೆಸರನ್ನು ಕೇಳಿ ತಿಳಿದರೆ ಸಾಕು. ಮುಂದಿನ ಪಂಚಾಯತಿ ಸಭೆಯಲ್ಲಿ ಈ ವಿಷಯ ಎತ್ತಿರಿ, ನೆರೆಯವರಿಗೂ ತಿಳಿಸಿರಿ.