ಬೆನ್ನುಮೂಳೆ ಸರಿಪಡಿಸಿದರೆ ಖಿನ್ನತೆ ವಾಸಿಯಾದೀತೇ?

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ, ಲಟಕ್ಕೆಂದು ಸದ್ದು ಬರುವಂತೆ ತಿರುಗಿಸಿದರೆ ನರಗಳ ಮೇಲಿನ ಒತ್ತಡ ಕಳೆದು ಮನಸ್ಸಿನ ಖಿನ್ನತೆಯೂ ದೂರವಾಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೈರೋಪ್ರಾಕ್ಟಿಕ್ ಎಂಬ ಈ ಚಿಕಿತ್ಸೆಯ ವಾದದಲ್ಲಿ ಹುರುಳೆಷ್ಟು?

ಈ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ನಗರದಲ್ಲಿ. ಬೆನ್ನುಮೂಳೆಯ ಮಣಿಗಳು ತುಸು ಸರಿದು ನರಗಳನ್ನು ಅದುಮುವುದೇ ಬಹುಪಾಲು ರೋಗಗಳ ಮೂಲ ಎಂಬುದು ಇದರ ಜನಕ ಡಿ.ಡಿ. ಪಾಮರ್‌ ಅವರ ನಂಬಿಕೆಯಾಗಿತ್ತು. 1920ರ ದಶಕದಲ್ಲಿ ಅದೇ ಊರಿನಲ್ಲಿ ಮಾನಸಿಕ ರೋಗಿಗಳಿಗೆ ಈ ಚಿಕಿತ್ಸೆ ನೀಡುವ ಆರೋಗ್ಯಧಾಮಗಳೂ ತಲೆಯೆತ್ತಿದ್ದವು.

ಆದರೆ ಶರೀರರಚನೆ ಈ ವಾದವನ್ನು ಸಮರ್ಥಿಸುವುದಿಲ್ಲ. ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳು ಚರ್ಮ, ಸ್ನಾಯು ಹಾಗೂ ಒಳಾಂಗಗಳಿಗೆ ಸಂಪರ್ಕ ಕಲ್ಪಿಸುತ್ತವೆ. ಮನಸ್ಥಿತಿಯನ್ನು ನಿಯಂತ್ರಿಸುವ ನರಜಾಲಗಳಿರುವುದು ಮೆದುಳಿನೊಳಗೆ. ಈ ವಾದಕ್ಕೆ ಆಧಾರವಾಗಿ ಹೆಸರಿಸಲಾಗುವ ವೇಗಸ್ ನರವೂ ತಲೆಬುರುಡೆಯ ತಳದಿಂದ ಹೊರಬರುತ್ತದೆಯೇ ಹೊರತು ಬೆನ್ನುಮೂಳೆಯ ಸಂದಿನಿಂದಲ್ಲ. ಔಷಧಿಗೆ ಜಗ್ಗದ ಖಿನ್ನತೆಗೆ ಈ ನರವನ್ನು ಪ್ರಚೋದಿಸುವ ಸಾಧನವೊಂದಕ್ಕೆ ಅಮೆರಿಕ 2005ರಲ್ಲಿ ಅನುಮತಿ ನೀಡಿದ್ದು ನಿಜ. ಆದರೆ ಅದು ಶಸ್ತ್ರಚಿಕಿತ್ಸೆಯ ಮೂಲಕ ಎದೆಯ ಚರ್ಮದಡಿ ಅಳವಡಿಸುವ ವಿದ್ಯುತ್ ಸಾಧನ.

ಹಾಗಾದರೆ ಕೆಲವರಿಗೆ ಮನಸ್ಸು ಹಗುರಾದಂತೆ ಅನಿಸುವುದೇಕೆ? ದೀರ್ಘಕಾಲದ ಬೆನ್ನುನೋವು ಮತ್ತು ಖಿನ್ನತೆ ಹಲವರಲ್ಲಿ ಜೊತೆಯಾಗಿಯೇ ಇರುತ್ತವೆ. ಒಂದು ಮತ್ತೊಂದನ್ನು ಉಲ್ಬಣಗೊಳಿಸುತ್ತದೆ. ಈ ಚಿಕಿತ್ಸೆಯಿಂದ ಸೊಂಟನೋವು ಕೆಲವರಿಗೆ ಸ್ವಲ್ಪಮಟ್ಟಿಗೆ ಶಮನವಾಗುವುದುಂಟು. ನೋವು ತಗ್ಗಿದರೆ ನಿದ್ರೆ ಬರುತ್ತದೆ, ಮನಸ್ಸೂ ಚೇತರಿಸಿಕೊಳ್ಳುತ್ತದೆ. ಇದು ನೋವಿನ ಶಮನವೇ ಹೊರತು ಖಿನ್ನತೆಯ ಚಿಕಿತ್ಸೆಯಲ್ಲ.

ಅಪಾಯವೂ ಇಲ್ಲದಿಲ್ಲ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ, ಅಪರೂಪಕ್ಕಾದರೂ, ರಕ್ತನಾಳ ಸೀಳಿ ಪಾರ್ಶ್ವವಾಯು ತಗುಲಿದ ಪ್ರಕರಣಗಳಿವೆ. ಅದಕ್ಕಿಂತ ಮಿಗಿಲಾದ ಅಪಾಯ ವಿಳಂಬದ್ದು. ಖಿನ್ನತೆ ಉಲ್ಬಣಿಸಿದಾಗ ಆತ್ಮಹತ್ಯೆಯ ಯೋಚನೆ ಸುಳಿಯಬಹುದು. ಪರಿಣಾಮಕಾರಿ ಎಂದು ಸಾಬೀತಾಗಿರುವ ಔಷಧಿ ಮತ್ತು ಮನೋಚಿಕಿತ್ಸೆ ಲಭ್ಯವಿರುವಾಗ ಅಮೂಲ್ಯ ವಾರಗಳನ್ನು ಕಳೆದುಕೊಳ್ಳುವುದು ಸಲ್ಲದು. ಔಷಧಿಯ ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕಾದ್ದರಿಂದ, ಗುಣ ಕಾಣಲಿಲ್ಲವೆಂದು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.

ಬೇಸರ, ನಿರಾಸಕ್ತಿ, ನಿದ್ರಾಹೀನತೆ ಎರಡು ವಾರಕ್ಕೂ ಮೀರಿ ಕಾಡಿದರೆ ಮನೋವೈದ್ಯರನ್ನು ಕಾಣುವುದೇ ಸರಿಯಾದ ಹಾದಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆನ್ನುನೋವಿಗೆ ಪ್ರತ್ಯೇಕವಾಗಿ ಚಿಕಿತ್ಸೆ ಪಡೆಯಲಿ. ಮನಸ್ಸಿನ ನೋವನ್ನು ಮಾತ್ರ ಅದರ ಲೆಕ್ಕಕ್ಕೆ ಸೇರಿಸುವುದು ಬೇಡ.