ಹರಾಜಿನ ದಿನ ತಡವರಿಸುವ ಸರ್ವರ್: ಕಾರಣ ಮತ್ತು ಪರಿಹಾರ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿ ವಹಿವಾಟು ಇಂದು ಬಹುಮಟ್ಟಿಗೆ ಗಣಕಯಂತ್ರವನ್ನು ಅವಲಂಬಿಸಿದೆ. 2014ರಲ್ಲಿ ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ರೂಪುಗೊಂಡ ಬಳಿಕ ಹರಾಜಿನ ದರ ನಮೂದು ಆನ್‌ಲೈನ್ ಮೂಲಕ ನಡೆಯುವ ಪದ್ಧತಿ ನೆಲೆಗೊಂಡಿತು. 2018ರ ಏಪ್ರಿಲ್ 1ರಿಂದ ಸರಕು ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ಇವೆರಡರ ನಡುವೆ ತೂಕ, ಲಾಟು, ಹಮಾಲಿ, ರೈತರ ಬಾಕಿ ಇತ್ಯಾದಿಗಳನ್ನು ದಾಖಲಿಸುವ ಕೆಲಸ ಮಾತ್ರ ಪ್ರತಿ ಮಂಡಿಯ ಸ್ವಂತ ಸರ್ವರ್‌ನಲ್ಲಿಯೇ ನಡೆಯುತ್ತದೆ.

ಈ ಸರ್ವರ್ ಕುರಿತು ವರ್ತಕರಿಂದ ಕೇಳಿಬರುವ ದೂರು ವಿಚಿತ್ರವಾದದ್ದು. ಯಂತ್ರ ಕೆಟ್ಟು ನಿಲ್ಲುವುದಿಲ್ಲ. ದಿನವಿಡೀ ನಿಧಾನವೂ ಅಲ್ಲ. ಹರಾಜಿನ ದಿನ ಚೀಲಗಳು ತೂಕಕ್ಕೆ ಸಾಲುಗಟ್ಟಿರುವಾಗ ನಾಲ್ಕಾರು ಸೆಕೆಂಡು ಎಲ್ಲ ಪರದೆಗಳೂ ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಓಡತೊಡಗುತ್ತವೆ. 2018ರ ಫೆಬ್ರವರಿ 1ರಂದು ಇ-ವೇ ಬಿಲ್ ಜಾಲತಾಣ ದೇಶದಾದ್ಯಂತ ತೊಂದರೆಗೊಳಗಾಗಿ ಆ ವ್ಯವಸ್ಥೆಯ ಜಾರಿಯನ್ನೇ ಮುಂದೂಡಬೇಕಾಯಿತು; ಅಂತಹ ಸಂಪೂರ್ಣ ಸ್ಥಗಿತ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಂಡಿಯ ಐದು ಸೆಕೆಂಡಿನ ತಡೆಯಾದರೋ ತಂತ್ರಜ್ಞರು ಬರುವ ಹೊತ್ತಿಗೆ ಮಾಯವಾಗಿರುತ್ತದೆ. ಆದರೆ ಆ ಹೊತ್ತಿನಲ್ಲಿ ಗುಮಾಸ್ತರು ಅಸಹನೆಯಿಂದ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಒಂದೇ ಲಾಟು ಎರಡು ಬಾರಿ ದಾಖಲಾಗುವ ಅಪಾಯವಿದೆ. ಹೊಸ ಸರ್ವರ್ ಕೊಳ್ಳುವಂತೆ ಸಲಹೆ ಬರುವುದೂ ಇಂತಹ ಸಂದರ್ಭದಲ್ಲೇ. ಕಾರಣ ತಿಳಿಯದೆ ಕೊಂಡ ಯಂತ್ರದಲ್ಲಿ ಹಳೆಯ ತಡೆಯೇ ಮರಳಿ ಕಾಣಿಸಿಕೊಳ್ಳಬಹುದು.

ಮೊದಲು ಮಾಡಬೇಕಾದ ಕೆಲಸಕ್ಕೆ ಖರ್ಚಿಲ್ಲ. ತಡೆ ಉಂಟಾದಾಗಲೆಲ್ಲ ಗಡಿಯಾರದ ಸಮಯವನ್ನು ಕಾಗದದ ಮೇಲೆ ಬರೆದಿಡಬೇಕು. ನಿಂತದ್ದು ಒಂದೇ ಪರದೆಯೋ ಎಲ್ಲವೂ ಹೌದೋ, ಸರ್ವರ್‌ನ ಡಿಸ್ಕ್ ದೀಪ ಬಿಡದೆ ಉರಿಯುತ್ತಿತ್ತೋ ಇಲ್ಲವೋ ಎಂಬುದನ್ನೂ ಸೇರಿಸಬೇಕು. ಒಂದೇ ಪರದೆ ನಿಂತಿದ್ದರೆ ಮೊದಲು ಆ ಗಣಕಯಂತ್ರವನ್ನೂ ಅದರ ಕೇಬಲ್ಲನ್ನೂ ನೋಡಬೇಕು. ಎಲ್ಲವೂ ನಿಂತು ಡಿಸ್ಕ್ ದೀಪ ಉರಿಯುತ್ತಿದ್ದರೆ ಬರವಣಿಗೆಯ ಒತ್ತಡವೆಂದು ಊಹಿಸಬಹುದು. ಎಲ್ಲವೂ ನಿಂತು ಡಿಸ್ಕ್, ಪ್ರೊಸೆಸರ್ ಎರಡೂ ಸುಮ್ಮನಿದ್ದರೆ ಒಬ್ಬರು ಹಿಡಿದಿಟ್ಟ ದಾಖಲೆಗಾಗಿ ಉಳಿದವರು ಕಾಯುತ್ತಿರುವ ಸಾಧ್ಯತೆ ಹೆಚ್ಚು.

ಬರವಣಿಗೆಯ ಒತ್ತಡವನ್ನು ವರ್ತಕರಿಗೆ ವಿವರಿಸುವುದು ಕಷ್ಟವಲ್ಲ. ಯಾವ ಮಂಡಿಯಲ್ಲಿಯೂ ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಗೀಚಿ, ಬಳಿಕ ಖಾತೆವಹಿಗೆ ಏರಿಸುತ್ತಾರೆ. ದತ್ತಸಂಚಯವೂ ಹಾಗೆಯೇ ಮಾಡುತ್ತದೆ. ಪ್ರತಿ ನಮೂದನ್ನು ತಕ್ಷಣ ಲಾಗ್ ಎಂಬ ದಿನವಹಿಗೆ ಬರೆದು, ಖಾತೆಯ ಪುಟಗಳನ್ನು ಸ್ಮರಣೆಯಲ್ಲಿ ತಿದ್ದಿಟ್ಟುಕೊಂಡು, ಆಗಾಗ್ಗೆ ಒಟ್ಟಾಗಿ ಡಿಸ್ಕಿಗೆ ಇಳಿಸುತ್ತದೆ. ಈ ಇಳಿಸುವಿಕೆಗೆ ಚೆಕ್‌ಪಾಯಿಂಟ್ ಎಂದು ಹೆಸರು. ದಿನವಹಿ ಚಿಕ್ಕದಾಗಿದ್ದರೆ ಅದು ಬೇಗ ತುಂಬುತ್ತದೆ. ಖಾತೆ ಏರಿಸಿ ಮುಗಿಯುವವರೆಗೆ ಹೊಸ ನಮೂದಿಗೆ ಸ್ಥಳವಿರುವುದಿಲ್ಲ. ಮೈಎಸ್‌ಕ್ಯೂಎಲ್‌ನ 5.5ರವರೆಗಿನ ಆವೃತ್ತಿಗಳಲ್ಲಿ ಇಂತಹ ಪ್ರತಿ ಕಡತದ ಮೂಲ ಗಾತ್ರ ಕೇವಲ 5 ಎಂಬಿ ಆಗಿತ್ತು. ಇಂದಿಗೂ ಹಳೆಯ ತಂತ್ರಾಂಶವನ್ನೇ ನಡೆಸುತ್ತಿರುವ ಮಂಡಿಗಳು ಇದನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು. ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ಈ ಕೆಲಸವನ್ನು ಒಮ್ಮೆಗೇ ಮಾಡದೆ ಹರಡಿ ಮಾಡುವ ವ್ಯವಸ್ಥೆ 2008ರ 8.3 ಆವೃತ್ತಿಯಲ್ಲಿ ಬಂದಿತು. ಲಭ್ಯ ಅವಧಿಯ ಎಷ್ಟು ಭಾಗದಲ್ಲಿ ಹರಡಬೇಕೆಂಬ ಮೂಲ ಮೌಲ್ಯ 0.5 ಇದ್ದದ್ದು 2021ರ 14ನೇ ಆವೃತ್ತಿಯಲ್ಲಿ 0.9ಕ್ಕೆ ಏರಿತು. ಹಳೆಯ ಆವೃತ್ತಿಯಲ್ಲಿಯೂ ಆ ಮೌಲ್ಯವನ್ನು ಕೈಯಾರೆ ಬದಲಿಸಲು ಅಡ್ಡಿಯಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಪ್ರತಿ ನಮೂದನ್ನೂ ಡಿಸ್ಕಿಗೆ ಖಚಿತಪಡಿಸುವ ಕ್ರಮವನ್ನೇ ಸಡಿಲಿಸಿದರೆ ಬರವಣಿಗೆಯ ಒತ್ತಡ ಬಹಳಷ್ಟು ಇಳಿಯುತ್ತದೆ; ಕೆಲವು ತಂತ್ರಜ್ಞರು ಇದನ್ನು ಸುಲಭೋಪಾಯವಾಗಿ ಸೂಚಿಸುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಸಂಬಂಧಿತ ಮೌಲ್ಯವನ್ನು 1ರ ಬದಲು 2 ಮಾಡಿದರೆ, ವಿದ್ಯುತ್ ಹಠಾತ್ತನೆ ಹೋದಾಗ ಸುಮಾರು ಒಂದು ಸೆಕೆಂಡಿನ ನಮೂದುಗಳು ಕಳೆದುಹೋಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಸಿಂಕ್ ಅನ್ನು ಆರಿಸಿದರೆ ಇಡೀ ದತ್ತಸಂಚಯವೇ ದೋಷಪೂರಿತವಾಗಬಹುದು. ಪರದೆಯಲ್ಲಿ ದಾಖಲಾಯಿತೆಂದು ಕಂಡು, ರೈತರ ಕೈಗೆ ಚೀಟಿ ಕೊಟ್ಟ ತೂಕ ಮರುದಿನ ಲೆಕ್ಕದಲ್ಲಿ ಇಲ್ಲದಿದ್ದರೆ ಮಂಡಿಯ ವಿಶ್ವಾಸಕ್ಕೇ ಧಕ್ಕೆ. ಕರೆಂಟು ಯಾವಾಗ ಹೋದೀತೆಂದು ಹೇಳಲಾಗದ ಕಡೆ ಈ ಉಪಾಯವನ್ನು ತಿರಸ್ಕರಿಸುವುದೇ ಸರಿ. ಉತ್ತಮ ಯುಪಿಎಸ್, ಮತ್ತು ವಿದ್ಯುತ್ ಕಡಿತದಲ್ಲೂ ದತ್ತಾಂಶ ಕಾಯುವ ಸೌಲಭ್ಯವುಳ್ಳ ಎಸ್‌ಎಸ್‌ಡಿ, ಇವುಗಳಿಗೆ ಮಾಡುವ ವೆಚ್ಚ ಹೆಚ್ಚು ಪ್ರಯೋಜನಕಾರಿ.

ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯನ್ನು ಬಳಸುವ ಸಣ್ಣ ಉದ್ದಿಮೆಗಳು ಇನ್ನೆರಡು ಅಂಶಗಳನ್ನು ಗಮನಿಸಬೇಕು. ಈ ಆವೃತ್ತಿಯಲ್ಲಿ ಆಟೋ ಕ್ಲೋಸ್ ಎಂಬ ಆಯ್ಕೆ ಮೂಲತಃ ಚಾಲ್ತಿಯಲ್ಲಿರುತ್ತದೆ. ಕೊನೆಯ ಬಳಕೆದಾರರು ಹೊರನಡೆದೊಡನೆ ದತ್ತಸಂಚಯ ಮುಚ್ಚಿಕೊಂಡು, ಮುಂದಿನವರು ಬಂದಾಗ ಮತ್ತೆ ತೆರೆಯುತ್ತದೆ. ಊಟದ ವಿರಾಮದ ನಂತರದ ಮೊದಲ ಬಿಲ್ ಮಾತ್ರ ತಡವಾಗುತ್ತಿದ್ದರೆ ಇದೇ ಕಾರಣವಿರಬಹುದು. ಒಂದೇ ಆಜ್ಞೆಯಿಂದ ಸರಿಹೋಗುತ್ತದೆ. ಇನ್ನೊಂದು ಅಂಶ ಕಡತದ ಬೆಳವಣಿಗೆ. 2014 ಹಾಗೂ ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಲಾಗ್ ಕಡತ ತುಂಬಿದಾಗ ಶೇ. 10ರಷ್ಟು ಬೆಳೆಯುತ್ತದೆ. ಕಡತ 5 ಜಿಬಿ ಇದ್ದರೆ 500 ಎಂಬಿ ಜಾಗವನ್ನು ಸೊನ್ನೆಗಳಿಂದ ತುಂಬಬೇಕು. ಸೆಕೆಂಡಿಗೆ 100 ಎಂಬಿ ಬರೆಯುವ ಹಳೆಯ ಡಿಸ್ಕಿನಲ್ಲಿ ಇದಕ್ಕೆ ಐದು ಸೆಕೆಂಡು ಹಿಡಿಯುತ್ತದೆ, ಅಷ್ಟು ಹೊತ್ತು ನಮೂದುಗಳೆಲ್ಲ ಕಾಯುತ್ತವೆ. ಹರಾಜಿಲ್ಲದ ದಿನ ಕಡತವನ್ನು ಮುಂಚಿತವಾಗಿ ಹಿಗ್ಗಿಸಿ, ಬೆಳವಣಿಗೆಯನ್ನು 64 ಎಂಬಿಯಂತಹ ನಿಗದಿತ ಅಳತೆಗೆ ಇಡಬೇಕು. ತಾನಾಗಿ ಕುಗ್ಗುವ ಆಯ್ಕೆಯನ್ನು ಆರಿಸದಿದ್ದರೆ ಹಿಗ್ಗಿಸಿದ ಶ್ರಮ ವ್ಯರ್ಥ.

ಡಿಸ್ಕ್ ಸುಮ್ಮನಿದ್ದೂ ಪರದೆಗಳು ನಿಲ್ಲುವ ಪ್ರಕರಣದಲ್ಲಿ ಕಾರಣ ಬಹುತೇಕ ಕಚೇರಿಯೊಳಗೇ ಇರುತ್ತದೆ. ಒಬ್ಬ ಗುಮಾಸ್ತರು ರೈತರ ಖಾತೆಯನ್ನು ತಿದ್ದಲು ತೆರೆದು, ಉಳಿಸದೆ ಚಹಾಕ್ಕೆ ಎದ್ದು ಹೋಗುತ್ತಾರೆ. ತಂತ್ರಾಂಶ ಸರಿಯಾಗಿ ರಚಿತವಾಗಿಲ್ಲದಿದ್ದರೆ ಬೀಗ ಹಾಗೆಯೇ ಉಳಿಯುತ್ತದೆ. ಅಥವಾ ಮಾಲೀಕರು ಮಧ್ಯಾಹ್ನ ವರ್ಷದ ಬಾಕಿ ಪಟ್ಟಿ ತೆಗೆಸುತ್ತಾರೆ. ಎಸ್‌ಕ್ಯೂಎಲ್ ಸರ್ವರ್‌ನ ಮೂಲ ವ್ಯವಸ್ಥೆಯಲ್ಲಿ ಓದುವವರೂ ಬರೆಯುವವರನ್ನು ತಡೆಯಬಲ್ಲರು. 2005ರ ಆವೃತ್ತಿಯಿಂದ ಲಭ್ಯವಿರುವ ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಆಯ್ಕೆ ಈ ತಡೆಯನ್ನು ನಿವಾರಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಲಾಕ್ ಕಾಯುವಿಕೆಯ ದಾಖಲೆಯನ್ನು ಚಾಲನೆಗೊಳಿಸಿದರೆ ಒಂದು ಸೆಕೆಂಡಿಗಿಂತ ಹೆಚ್ಚು ಕಾದ ಪ್ರಸಂಗಗಳೆಲ್ಲ ದೊರೆಯುತ್ತವೆ. ಮೈಎಸ್‌ಕ್ಯೂಎಲ್‌ನ ನಿಧಾನ ಪ್ರಶ್ನೆಗಳ ದಾಖಲೆಗೆ ಮೂಲ ಮಿತಿ 10 ಸೆಕೆಂಡು. ಅದನ್ನು 1ಕ್ಕೆ ಇಳಿಸದಿದ್ದರೆ ಐದು ಸೆಕೆಂಡಿನ ತಡೆ ಅದರಲ್ಲಿ ಎಂದಿಗೂ ಕಾಣಿಸದು.

ವೈರಸ್ ನಿರೋಧಕ ತಪಾಸಣೆ ಹಾಗೂ ಬ್ಯಾಕಪ್‌ನ ಸಮಯವನ್ನು ಕಾಗದದ ಟಿಪ್ಪಣಿಯೊಡನೆ ಹೋಲಿಸಿದರೆ ಆ ಸಂದೇಹವೂ ಬಗೆಹರಿಯುತ್ತದೆ. ದತ್ತಸಂಚಯದ ಕಡತಗಳನ್ನು ತಪಾಸಣೆಯಿಂದ ಹೊರಗಿಟ್ಟು, ಬ್ಯಾಕಪ್ಪನ್ನು ರಾತ್ರಿಗೆ ಬದಲಿಸಬಹುದು. ಯಾವುದೇ ಬದಲಾವಣೆಯನ್ನು ಒಂದೊಂದಾಗಿ, ಬ್ಯಾಕಪ್ ತೆಗೆದ ಮೇಲೆಯೇ ಮಾಡಿಸಬೇಕು. ಮುಂದಿನ ಹರಾಜಿನ ದಿನದ ಟಿಪ್ಪಣಿಯನ್ನು ಹಿಂದಿನದರೊಡನೆ ಇಟ್ಟು ನೋಡಿದ ಬಳಿಕವೇ ಎರಡನೆಯ ಬದಲಾವಣೆಗೆ ಒಪ್ಪಿಗೆ ನೀಡಬೇಕು.