ನಮ್ಮವರೆಂಬ ಸಲಿಗೆ, ಕೆಲಸವೆಂಬ ಅಮಾನತ್ತು

ಮನೆಗೆ ವಯರಿಂಗ್ ಮಾಡಿಸಬೇಕು, ಅಡುಗೆಕೋಣೆಗೆ ಕಪಾಟು ಕೂರಿಸಬೇಕು, ಮಗಳ ನಿಕಾಹ್‌ಗೆ ಅಡುಗೆಯವರನ್ನು ಹೇಳಬೇಕು. ಇಂಥ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ‘ನಮ್ಮವರು ಯಾರಿದ್ದಾರೆ?’ ಯಾರಾದರೂ ಸಿಕ್ಕೇ ಸಿಗುತ್ತಾರೆ. ಚಿಕ್ಕಮ್ಮನ ಕಡೆಯ ಹುಡುಗ, ಜಮಾಅತ್‌ನ ಕಾರ್ಯದರ್ಶಿಯ ಅಳಿಯ, ಇಲ್ಲವೇ ಮದ್ರಸದಲ್ಲಿ ಒಟ್ಟಿಗೆ ಓದಿದವನು. ‘ಎಷ್ಟಾಗ್ತದೆ?’ ಎಂದು ಕೇಳಿದರೆ, ‘ಅದೆಲ್ಲ ಮತ್ತೆ ನೋಡುವ ಕಾಕ, ನೀವೆಂತ ಹೊರಗಿನವರಾ?’ ಎನ್ನುತ್ತಾನೆ. ‘ಯಾವಾಗ ಮುಗೀತದೆ?’ ಎಂದರೆ, ‘ಇನ್ ಶಾ ಅಲ್ಲಾಹ್, ಬೇಗ.’ ದರ ನಿಗದಿಯಾಗಲಿಲ್ಲ, ದಿನ ಗೊತ್ತಾಗಲಿಲ್ಲ, ಕಾಗದದಲ್ಲಿ ಒಂದು ಅಕ್ಷರ ಬೀಳಲಿಲ್ಲ. ಆದರೂ ಎಲ್ಲರಿಗೂ ಸಮಾಧಾನ. ನಮ್ಮವನೇ ಅಲ್ವಾ!

ಮೂರು ತಿಂಗಳು ಕಳೆದ ಮೇಲೆ ಕೆಲಸ ಅರ್ಧಕ್ಕೆ ನಿಂತಿರುತ್ತದೆ, ಫೋನ್ ಎತ್ತುವವರಿಲ್ಲ. ಇಲ್ಲವೇ ಕೆಲಸ ಮುಗಿದಿರುತ್ತದೆ, ಮನೆಯವರು ಹಣ ಕೊಟ್ಟಿರುವುದಿಲ್ಲ. ಕೊನೆಗೆ ಕೆಡುವುದು ಕಪಾಟಿನ ಬಾಗಿಲು ಮಾತ್ರ ಆಗಿದ್ದರೆ ತೊಂದರೆ ಇರಲಿಲ್ಲ. ಸಂಬಂಧವೂ ಕೆಡುತ್ತದೆ. ಪೆರ್ನಾಲ್ ದಿನ ಪಳ್ಳಿಯ ಅಂಗಳದಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುವ ಎಷ್ಟು ಮಂದಿಯ ನಡುವೆ ಇಂಥದೊಂದು ಬರೆದಿಡದ ಲೆಕ್ಕ ಇದೆ ಎಂಬುದು ನಮಗೆಲ್ಲ ಗೊತ್ತು.

ವೃತ್ತಿಪರತೆ, ಅಂದರೆ ‘ಪ್ರೊಫೆಷನಲ್’ ಆಗಿರುವುದು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಟೈ, ಇಂಗ್ಲಿಷ್, ಹವಾನಿಯಂತ್ರಿತ ಕಚೇರಿ. ಅದು ಡಾಕ್ಟರು, ಇಂಜಿನಿಯರುಗಳ ಮಾತು ಎಂದು ಬದಿಗೆ ಸರಿಸುತ್ತೇವೆ. ನಮ್ಮ ಪ್ರಕಾರ ಅದರ ಅರ್ಥ ಇಷ್ಟೇ: ಎದುರಿನವನಿಗೆ ನಮ್ಮ ಮುಖಪರಿಚಯ ಇಲ್ಲದಿದ್ದರೂ ಅವನ ಹಕ್ಕು ಅವನಿಗೆ ಪೂರ್ತಿ ಸಿಗಬೇಕು, ಪರಿಚಯ ಇದ್ದರೆ ಅದರಲ್ಲಿ ಒಂದಿಷ್ಟೂ ಕಡಿಮೆಯಾಗಬಾರದು. ನಾವು ಹೆಚ್ಚಾಗಿ ಎಡವುವುದು ಈ ಎರಡನೆಯದರಲ್ಲಿ.

‘ಬ್ಯಾರಿ’ ಎಂಬ ಹೆಸರು ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಬಂತು ಎನ್ನುವವರಿದ್ದಾರೆ. ಸಮುದ್ರ ಎಂಬ ಅರ್ಥದ ಅರಬಿಯ ‘ಬಹ್ರ್’ನಿಂದ ಬಂತು ಎನ್ನುವವರೂ ಇದ್ದಾರೆ. ಯಾವುದು ಸರಿಯಾದರೂ ಕಸುಬೇ ನಮ್ಮ ಹೆಸರಿಗೆ ಅಂಟಿಕೊಂಡಿದೆ. ಕಡಲಾಚೆಯ ವ್ಯಾಪಾರಿಗೆ ಇಲ್ಲಿನವನ ಕುಟುಂಬ ಗೊತ್ತಿರಲಿಲ್ಲ, ಜಮಾಅತ್ ಗೊತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ತೂಕ, ಮಾತು ಮತ್ತು ಸಮಯ. ಈ ಮೂರು ಸರಿಯಿದ್ದವನ ಹತ್ತಿರ ಅವನು ಮರುವರ್ಷವೂ ಬರುತ್ತಿದ್ದ. ಬಂದರಿನ ಮಂಡಿಗಳಲ್ಲಿ, ದಕ್ಕೆಯ ಮೀನಿನ ಏಲದಲ್ಲಿ ಇವತ್ತಿಗೂ ಬಾಯಿಮಾತಿನ ಮೇಲೆ ಎಷ್ಟೋ ವ್ಯವಹಾರ ನಡೆಯುವುದು ಈ ಮೂರರ ಬಲದಿಂದ.

ದೂರ ಯಾಕೆ, ನಮ್ಮ ಮನೆಯೊಳಗೇ ನೋಡುವ. ಬೀಡಿಯ ಬಗ್ಗೆ ಬೇರೆ ನೂರು ಮಾತು ಇರಬಹುದು. ಆದರೆ ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ನಮ್ಮ ಉಮ್ಮಂದಿರಿಗಿಂತ ದೊಡ್ಡ ವೃತ್ತಿಪರರು ಯಾರು? ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ತೂಗಿ ಕೊಡುತ್ತಾರೆ. ಇಷ್ಟಕ್ಕೆ ಇಷ್ಟು ಬೀಡಿ ಬರಬೇಕು. ಸಾವಿರ ಎಂದರೆ ಸಾವಿರವೇ, ಒಂದು ಕಡಿಮೆಯಾಗುವಂತಿಲ್ಲ. ಉದ್ದ ತಪ್ಪಿದರೆ, ಕಟ್ಟು ಸಡಿಲವಾದರೆ ಬದಿಗೆ ಬೀಳುತ್ತದೆ. ಮಗುವಿಗೆ ಜ್ವರ ಇರಲಿ, ಮನೆಗೆ ನೆಂಟರು ಬರಲಿ, ಕೊಡುವ ದಿನ ಕೊಡಲೇಬೇಕು. ಕೊಟ್ಟದ್ದು ಪುಸ್ತಕದಲ್ಲಿ ಬರೆದಾಗಬೇಕು. ಶಾಲೆಯ ಮೆಟ್ಟಿಲು ಹತ್ತದ ಉಮ್ಮಂದಿರೂ ಆ ಪುಸ್ತಕವನ್ನು ಜೋಪಾನವಾಗಿ ಎತ್ತಿಡುತ್ತಿದ್ದರು. ಎಷ್ಟೋ ಮಕ್ಕಳ ಫೀಸು, ಎಷ್ಟೋ ಹೆಣ್ಣುಮಕ್ಕಳ ಬಂಗಾರ ಬಂದದ್ದು ಆ ಎಣಿಕೆಯಿಂದ. ಅಂಥವರ ಮಕ್ಕಳು ನಾವು ‘ನಮ್ಮಲ್ಲಿ ಅದೆಲ್ಲ ಆಗುವುದಿಲ್ಲ’ ಎನ್ನುವುದು ಸರಿಯಲ್ಲ.

ಗಲ್ಫ್ ಇನ್ನೊಂದು ಸಾಕ್ಷಿ. ಅಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿ ಹಾಕುವ, ಹೆಲ್ಮೆಟ್ ಇಲ್ಲದೆ ಸೈಟಿಗೆ ಕಾಲಿಡದ, ರಶೀದಿ ಇಲ್ಲದೆ ಒಂದು ಬೋಲ್ಟೂ ತರದ ಹುಡುಗ ಊರಿಗೆ ಬಂದು ಅಂಗಡಿ ಹಾಕಿದ ಕೂಡಲೇ ಬದಲಾಗುತ್ತಾನೆ. ಅಂಗಡಿ ಒಂದು ದಿನ 9 ಗಂಟೆಗೆ ತೆರೆದರೆ ಮರುದಿನ 11ಕ್ಕೆ. ಕೈ ಅದೇ, ಬುದ್ಧಿ ಅದೇ. ಅಲ್ಲಿ ಯಾರೂ ‘ನಮ್ಮವರು’ ಇರಲಿಲ್ಲ, ಇಲ್ಲಿ ಎಲ್ಲರೂ ‘ನಮ್ಮವರು’. ಸಲಿಗೆ ಇರುವಲ್ಲಿ ಶಿಸ್ತು ಬೇಡ ಎಂದು ನಾವೇ ಅವನಿಗೆ ಕಲಿಸಿದ್ದೇವೆ.

ನಂಬಿಕೆಯನ್ನು ಲೆಕ್ಕಕ್ಕೆ, ವ್ಯವಸ್ಥೆಗೆ ತಂದರೆ ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ದೊಡ್ಡ ಉದಾಹರಣೆ ಉಂಟು. ಉಡುಪಿಯ ಮುಸ್ಲಿಂ ವರ್ತಕ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಅವರು 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಕೈಯಲ್ಲಿದ್ದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಸೇರಿದ್ದು 38 ರೂಪಾಯಿ, 13 ಆಣೆ, 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟ ಕಾರಣದಿಂದಲೇ ನೂರು ವರ್ಷದ ಮೇಲೂ ನಾವು ಅದನ್ನು ಹೇಳಬಹುದಾಗಿದೆ. ಜಾತಿ, ಮತದ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು ಅವರ ಉದ್ದೇಶವಾಗಿತ್ತು. ಊರಿಗೆಲ್ಲ ಪರಿಚಿತರಾದ ದೊಡ್ಡ ವರ್ತಕರು ಅವರು. ‘ನನ್ನ ಹತ್ತಿರ ಇಡಿ, ಕೇಳಿದಾಗ ಕೊಡ್ತೇನೆ’ ಎಂದಿದ್ದರೆ ಜನ ನಂಬುತ್ತಿರಲಿಲ್ಲವೇ? ಅವರು ಸಂಸ್ಥೆ ಕಟ್ಟಿದರು, ಲೆಕ್ಕ ಇಟ್ಟರು. ಅದೇ ಮುಂದೆ ಮಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸ್ಥಾಪಕರು 1935ರಲ್ಲೇ ತೀರಿಕೊಂಡರು. ಅವರ ಕೆಲಸ ಅವರಿಲ್ಲದೆಯೂ 85 ವರ್ಷ ನಡೆಯಿತು.

ನಮ್ಮ ಹರೇಕಳ ಹಾಜಬ್ಬರೂ ಇದನ್ನೇ ಮಾಡಿದರು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರು, ಇಂಗ್ಲಿಷಿನಲ್ಲಿ ದರ ಕೇಳಿದ ವಿದೇಶಿಯರಿಗೆ ಉತ್ತರಿಸಲಾಗದ ನೋವಿನಿಂದ ತನ್ನೂರಿನ ಮಕ್ಕಳಿಗೆ ಶಾಲೆ ಬೇಕು ಎಂದು ಹೊರಟವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದ ಮೇಲೆ ಈ ಕಥೆ ದೇಶಕ್ಕೇ ಗೊತ್ತಾಯಿತು. ಆದರೆ ಅದರ ಒಂದು ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅವರು ಶಾಲೆಯನ್ನು ತನ್ನ ಹೆಸರಿನ ಆಸ್ತಿಯಾಗಿ ಇಟ್ಟುಕೊಳ್ಳಲಿಲ್ಲ. ಕಚೇರಿ ಕಚೇರಿ ಅಲೆದು ನ್ಯೂಪಡ್ಪುವಿನಲ್ಲಿ ಸರಕಾರಿ ಶಾಲೆ ಆಗುವಂತೆ ನೋಡಿಕೊಂಡರು. ಅಲ್ಲಿ ಕಲಿಯಲು ಯಾವ ಮಗುವಿಗೂ ಹಾಜಬ್ಬರ ಪರಿಚಯ ಬೇಕಾಗಿಲ್ಲ.

ಇದೆಲ್ಲ ಲೋಕದ ಮಾತು, ದೀನ್‌ಗೂ ಇದಕ್ಕೂ ಎಂತ ಸಂಬಂಧ ಎನ್ನುವವರಿಗೆ ಒಂದು ಮಾತು. ಪವಿತ್ರ ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು? ಸೂರಃ ಅಲ್ ಬಕರಃದ 282ನೆಯ ಆಯತ್. ಅದು ಹೇಳುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಸಣ್ಣದಿರಲಿ, ದೊಡ್ಡದಿರಲಿ, ಅವಧಿ ಸಮೇತ ಬರೆಯಲು ಬೇಸರಿಸಬೇಡಿ ಎಂಬುದು, ಸಾಕ್ಷಿಗಳಿರಬೇಕು ಎಂಬುದು ಅದರ ಸಾರ. ‘ನಿಮ್ಮವರಾದರೆ ಬರೆಯಬೇಕಾಗಿಲ್ಲ’ ಎಂಬ ರಿಯಾಯಿತಿ ಅಲ್ಲಿಲ್ಲ. ಹಾಗಿದ್ದೂ ನಮ್ಮಲ್ಲಿ ತಮ್ಮನಿಗೆ ಕೊಟ್ಟ 2 ಲಕ್ಷಕ್ಕೆ ಚೀಟಿ ಕೇಳಿದರೆ, ‘ನನ್ನ ಮೇಲೆ ನಂಬಿಕೆ ಇಲ್ಲವಾ?’ ಎಂದು ಜಗಳ. ಬರೆದಿಡುವುದು ನಂಬಿಕೆ ಇಲ್ಲದ್ದಕ್ಕಲ್ಲ. ಕೊಟ್ಟವನೋ ಪಡೆದವನೋ ನಾಳೆ ಕಣ್ಣು ಮುಚ್ಚಿದರೆ ಮಕ್ಕಳ ನಡುವೆ ಫಿತ್ನ ಆಗಬಾರದಲ್ಲ, ಅದಕ್ಕೆ.

ಇನ್ನೊಂದು ಘಟನೆ ನಮ್ಮ ಮಕ್ಕಳೂ ಮದ್ರಸದಲ್ಲಿ ಕಲಿತದ್ದೇ. ಮಕ್ಕಾದಿಂದ ಮದೀನಾಕ್ಕೆ ಹಿಜ್ರಾ ಹೊರಟಾಗ ಪ್ರವಾದಿ(ಸ) ಮತ್ತು ಅಬೂಬಕರ್(ರ) ದಾರಿ ತೋರಿಸಲು ಕೂಲಿಗೆ ಗೊತ್ತು ಮಾಡಿದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು. ಅವನು ಆಗ ಮುಸ್ಲಿಮನಾಗಿರಲಿಲ್ಲ, ಕುರೈಷರ ಧರ್ಮದಲ್ಲೇ ಇದ್ದ. ಆದರೆ ಮರುಭೂಮಿಯ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂಟೆಗಳನ್ನು ಮೊದಲೇ ಅವನ ಕೈಗೆ ಕೊಟ್ಟು, ಮೂರು ರಾತ್ರಿ ಕಳೆದ ಮೇಲೆ ಸೌರ್ ಗುಹೆಯ ಬಳಿ ಬರಲು ಹೇಳಿದ್ದರು. ಪ್ರಾಣವೇ ಪಣಕ್ಕಿದ್ದ ಹೊತ್ತು. ಅವನು ಹೇಳಿದ ಬೆಳಗ್ಗೆಯೇ ಒಂಟೆಗಳೊಂದಿಗೆ ಬಂದ. ಕೆಲಸ ಬಲ್ಲವನನ್ನು ಆರಿಸಿದ್ದು ಒಂದು ಪಾಠ, ಅವನು ಹೇಳಿದ ಹೊತ್ತಿಗೆ ಬಂದದ್ದು ಇನ್ನೊಂದು. ಇಷ್ಟೆಲ್ಲ ಕಲಿತ ಮೇಲೂ ‘ಇನ್ ಶಾ ಅಲ್ಲಾಹ್’ ಎಂಬ ಪವಿತ್ರ ಮಾತನ್ನು ‘ಬರುವುದಿಲ್ಲ’ ಎನ್ನಲು ನಾಚಿಕೆಯಾದಾಗ ಬಳಸುವ ನೆಪವಾಗಿ ಮಾಡಿಕೊಂಡಿದ್ದೇವಲ್ಲ, ಅದು ನಿಜವಾಗಿಯೂ ಗಂಭೀರ ವಿಷಯ. ಆ ಮಾತು ಹೇಳಿದವನು ತನ್ನ ಕಡೆಯಿಂದ ಪೂರ್ತಿ ಪ್ರಯತ್ನ ಮಾಡಲೇಬೇಕು.

ತಪ್ಪು ಕೆಲಸ ಮಾಡುವವರದ್ದು ಮಾತ್ರ ಎಂದುಕೊಳ್ಳಬೇಡಿ. ಮಾಡಿಸುವವರ ಕಡೆಯೂ ದೊಡ್ಡ ಪಟ್ಟಿ ಉಂಟು. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಎಲ್ಲರೂ ಹೇಳುತ್ತೇವೆ. ದರ್ಜಿಗೆ, ಪೈಂಟರಿಗೆ, ಟ್ಯೂಷನ್ ಕೊಡುವ ಹುಡುಗಿಗೆ ಮಾತ್ರ ‘ಮುಂದಿನ ತಿಂಗಳು ನೋಡುವ’. ಒಪ್ಪಿದ ದರವನ್ನು ಕೆಲಸ ಮುಗಿದ ಮೇಲೆ ಚೌಕಾಶಿ ಮಾಡುತ್ತೇವೆ. ಕುಟುಂಬದಲ್ಲಿ ಒಬ್ಬ ಡಾಕ್ಟರೋ ವಕೀಲನೋ ಇದ್ದರೆ ರಾತ್ರಿ 11 ಗಂಟೆಗೂ ಫೋನ್, ಫೀಸಿನ ಮಾತೇ ಇಲ್ಲ. ಹತ್ತು ವರ್ಷ ಓದಿ ಕಲಿತದ್ದಕ್ಕೆ ಬೆಲೆ ಉಂಟು ಎಂಬುದು ನಮ್ಮವರ ವಿಷಯದಲ್ಲಿ ಮಾತ್ರ ಮರೆತುಹೋಗುತ್ತದೆ.

ನಮ್ಮ ಹೆಣ್ಣುಮಕ್ಕಳ ಕೆಲಸದ ಮಾತೂ ಬರಬೇಕು. ಇವತ್ತು ಮಂಗಳೂರಿನ ಆಸ್ಪತ್ರೆ, ಶಾಲೆ, ಬ್ಯಾಂಕ್, ಕಂಪ್ಯೂಟರ್ ಕಂಪೆನಿಗಳಲ್ಲಿ ನಮ್ಮ ಹುಡುಗಿಯರು ದುಡಿಯುತ್ತಿದ್ದಾರೆ. ಮನೆಗೆ ನೆಂಟರು ಬರುತ್ತಾರೆ ಎಂದರೆ ಮಗನಿಗೆ ರಜೆ ಹಾಕಲು ಯಾರೂ ಹೇಳುವುದಿಲ್ಲ. ಮಗಳಿಗೋ ಸೊಸೆಗೋ, ‘ಇವತ್ತೊಂದು ದಿನ ಹೋಗದಿದ್ದರೆ ಎಂತಾಗ್ತದೆ?’ ಎನ್ನುತ್ತೇವೆ. ಅವಳು ಹೋಗದಿದ್ದರೆ ವಾರ್ಡಿನಲ್ಲಿ ರೋಗಿಗೆ ಒಬ್ಬಳು ನರ್ಸ್ ಕಡಿಮೆ, ತರಗತಿಯಲ್ಲಿ ಮಕ್ಕಳಿಗೆ ಪಾಠ ಇಲ್ಲ. ಅವಳ ಡ್ಯೂಟಿಯನ್ನು ಮನೆಯವರು ಹಗುರವಾಗಿ ಕಂಡರೆ, ಹೊರಗಿನವರು ಅವಳನ್ನು ವೃತ್ತಿಪರಳು ಎಂದು ಗೌರವಿಸಲಿ ಎಂದು ಬಯಸುವುದು ಹೇಗೆ?

ನಡತೆಯ ಇನ್ನೊಂದು ಮುಖ ಬಾಯಿ. ರೋಗಿಯ ರಿಪೋರ್ಟು, ಗಿರಾಕಿಯ ಸಾಲ, ವಿದ್ಯಾರ್ಥಿಯ ಮಾರ್ಕು, ರಿಪೇರಿಗೆ ಬಂದ ಮೊಬೈಲಿನ ಚಿತ್ರ, ಕೆಲಸಕ್ಕೆ ಹೋದ ಮನೆಯ ಒಳಗಿನ ಜಗಳ. ಇವೆಲ್ಲ ಕೆಲಸದ ಕಾರಣಕ್ಕೆ ನಮ್ಮ ಕಣ್ಣಿಗೆ ಬಿದ್ದವು. ಅವು ಕೂಡ ಅಮಾನತ್ತು. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುವ ಸುದ್ದಿಗಳಲ್ಲ. ಪ್ರವಾದಿ(ಸ) ಮಕ್ಕಾ ಬಿಡುವಾಗ ತನ್ನಲ್ಲಿ ಇಟ್ಟಿದ್ದ ಜನರ ಅಮಾನತ್ತುಗಳನ್ನು ಹಿಂದಿರುಗಿಸಲು ಅಲಿ(ರ)ಯವರನ್ನು ನಿಲ್ಲಿಸಿ ಹೋದರು. ಆ ಜನರಲ್ಲಿ ವಿರೋಧಿಗಳೂ ಇದ್ದರು.

ದೊಡ್ಡ ಬದಲಾವಣೆ ಏನೂ ಬೇಡ. ಮುಂದಿನ ಸಲ ಮನೆಗೆ ನಮ್ಮವನೇ ಒಬ್ಬ ಕೆಲಸಕ್ಕೆ ಬಂದಾಗ ಚಾ ಕೊಡುವ, ಕುಟುಂಬದ ಸುದ್ದಿ ಮಾತಾಡುವ. ಆಮೇಲೆ ಒಂದು ಕಾಗದ ತೆಗೆದು ಮೂರು ಸಾಲು ಬರೆಯುವ: ಎಂತ ಕೆಲಸ, ಎಷ್ಟು ದುಡ್ಡು, ಯಾವ ದಿನಕ್ಕೆ. ಇಬ್ಬರೂ ಸಹಿ ಹಾಕುವ. ತಡವಾಗುವುದಾದರೆ ಅವನು ಮೊದಲೇ ಫೋನ್ ಮಾಡಿ ಹೇಳಲಿ, ಕೆಲಸ ಮುಗಿದ ದಿನವೇ ನಾವು ಹಣ ಕೊಡುವ. ಆ ಮೂರು ಸಾಲು ಇದ್ದರೆ, ಕೆಲಸ ಮುಗಿದ ಮೇಲೂ ಅವನು ನಮ್ಮವನಾಗಿಯೇ ಉಳಿಯುತ್ತಾನೆ.